ಕುಡಿಯದೆ ಇಟ್ಟ ಕಾಫಿ

ಗಾಲೆಬ್‌ಗೆ ಅಳುವುದಕ್ಕೆ ಒಂದು ಜಾಗ ಬೇಕಾಗಿತ್ತು. ಇರ್ಬಿದ್‌ನಂಥ ಊರಿನಲ್ಲಿ ಐವತ್ತು ದಾಟಿದ ಗಂಡಸಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಅತ್ತರೆ ಹೆಂಡತಿ ಇನ್ಸಾಫ್ ತನ್ನ ಅಕ್ಕನಿಗೆ ಫೋನ್ ಮಾಡುತ್ತಾಳೆ, ಅಕ್ಕ ಊರಿಗೆಲ್ಲ ಮಾಡುತ್ತಾಳೆ. ಕೆಲಸದಲ್ಲಿ ಅಳೋಣವೆಂದರೆ ಅವನು ಕಾರು ಕಲಿಸುವ ಮೇಷ್ಟ್ರು. ಪಕ್ಕದ ಸೀಟಿನ ಮೇಷ್ಟ್ರ ಕಣ್ಣಲ್ಲಿ ನೀರು ಕಂಡರೆ, ಕಲಿಯುವವರು ತಮ್ಮ ಡ್ರೈವಿಂಗ್ ಅಷ್ಟು ಕೆಟ್ಟದಾಗಿದೆಯೇ ಎಂದು ಕಂಗಾಲಾಗುತ್ತಾರೆ. ಒಬ್ಬಾಕೆ ಸ್ಟಿಯರಿಂಗನ್ನೇ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಕಾರು ಹೋಗಿ ಕಲ್ಲಂಗಡಿ ರಾಶಿಯೊಳಗೆ ನಿಂತಿತ್ತು.

ದುಃಖಕ್ಕೆ ಕಾರಣವಿದ್ದಿದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು. ಕಾರಣವೇ ಇರಲಿಲ್ಲ, ಅದೇ ದೊಡ್ಡ ತೊಂದರೆ. ಮಗ ನಸೀಮ್ ಚೆನ್ನಾಗಿದ್ದ. ಮೊಮ್ಮಗಳು ಹಲ್ಲು ಬಂದ ಖುಷಿಯಲ್ಲಿ ಕಂಡವರನ್ನೆಲ್ಲ ಕಚ್ಚುತ್ತಿದ್ದಳು. ಆದರೂ ಚಳಿಗಾಲ ಕಳೆದಾಗಿನಿಂದ ಅವನಿಗೆ ಹಾಸಿಗೆ ಬಿಟ್ಟು ಏಳುವುದೇ ಬೇಡವಾಗಿತ್ತು, ಮಲಗಿದರೆ ನಿದ್ದೆಯೂ ಇರಲಿಲ್ಲ. ಏನಾಯ್ತು ಎಂದು ಇನ್ಸಾಫ್ ಕೇಳಿದರೆ ಏನಿಲ್ಲ ಎನ್ನುತ್ತಿದ್ದ. ಪಾಪ, ಅವನು ಸುಳ್ಳೇನೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಪರಿಚಯದವರೊಬ್ಬರು ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರೋಣವೆಂದು ಹೋದವನಿಗೆ ಅಲ್ಲಿ ಜಾಗ ಸಿಕ್ಕೇಬಿಟ್ಟಿತು. ಬೀದಿಯಲ್ಲಿ ಶಾಮಿಯಾನ, ಸಾಲು ಕುರ್ಚಿ, ಸುಮ್ಮನೆ ಕೂತ ಗಂಡಸರು. ಅತ್ತರೆ ಯಾಕೆ ಎಂದು ಕೇಳುವವರಿಲ್ಲ, ಪಕ್ಕದವರೇ ಕರವಸ್ತ್ರ ಚಾಚುತ್ತಾರೆ. ಅಂದು ಗಾಲೆಬ್ ಮನಸಾರೆ ಅತ್ತು, ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ಗಡದ್ದಾಗಿ ನಿದ್ದೆ ಮಾಡಿದ.

ಅಲ್ಲಿಂದ ಮುಂದೆ ಗುರುತಿಲ್ಲದವರ ಶಾಮಿಯಾನಗಳಿಗೂ ಹೋಗತೊಡಗಿದ. ಉಳಿದ ಗಂಡಸರು ಪೇಪರಿನಲ್ಲಿ ಫುಟ್‌ಬಾಲ್ ನೋಡುವ ಹಾಗೆ ಇವನು ಸತ್ತವರ ಹೆಸರು ನೋಡುತ್ತಿದ್ದ. ಚಿಕ್ಕ ವಯಸ್ಸಿನವರ ಸಾವಿಗೆ ಹೋಗುತ್ತಿರಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದ. ತುಂಬು ಬಾಳು ಬಾಳಿದ ಮುದುಕರೇ ವಾಸಿ. ಅಲ್ಲಿ ಮನೆಯವರ ದುಃಖ ಒಂದಿಷ್ಟು ಕಡಿಮೆ ಇದ್ದು ಇವನದಕ್ಕೆ ಜಾಗವಿರುತ್ತಿತ್ತು.

ಇತ್ತ ಇನ್ಸಾಫ್ ಕಣ್ಣಿಗೆ ಬೇರೆಯದೇ ಕಾಣುತ್ತಿತ್ತು. ಸಂಜೆಯಾದರೆ ಗಂಡ ಕಪ್ಪು ಕೋಟು ತೊಟ್ಟು ಹೊರಡುತ್ತಾನೆ, ಬರುವಾಗ ಕಣ್ಣು ಕೆಂಪು, ಬಾಯಲ್ಲಿ ಏಲಕ್ಕಿ ಹಾಕಿದ ಕಾಫಿಯ ವಾಸನೆ. ಯಾರದೋ ಮನೆಯಲ್ಲಿ ಒಳ್ಳೆಯ ಉಪಚಾರ ನಡೆಯುತ್ತಿದೆ. ಎರಡನೇ ಮದುವೆಗೆ ಹೆಣ್ಣು ನೋಡುತ್ತಿದ್ದಾನೆಂದು ಅವಳೂ ಅವಳ ಅಕ್ಕನೂ ಕೂಡಿ ತೀರ್ಮಾನಿಸಿದ್ದರು.

ಆ ಸಂಜೆ ಗಾಲೆಬ್ ಹೋದದ್ದು ಹಾಜಿ ಫುಹೈದ್ ಎಂಬ ಮುದುಕರ ಶಾಮಿಯಾನಕ್ಕೆ. ಅವನು ಅತ್ತ ಭರಕ್ಕೆ ಹಾಜಿಯ ಮಕ್ಕಳು ತಮ್ಮ ಅಳು ಸಾಲದೇನೋ ಎಂದು ಮುಜುಗರಪಟ್ಟರು. ಹಾಜಿಯ ಸೋದರಳಿಯನೊಬ್ಬ ಹಿತ್ತಾಳೆ ಕೆಟಲ್ ಹಿಡಿದು ಬಂದು ಪುಟ್ಟ ಬಟ್ಟಲಲ್ಲಿ ಕಹಿ ಕಾಫಿ ಕೊಟ್ಟ. ಗಾಲೆಬ್‌ಗೆ ಮೂಗು ಒರೆಸಿಕೊಳ್ಳಬೇಕಿತ್ತು. ಬಟ್ಟಲನ್ನು ಹಾಗೆಯೇ ಮುಂದಿನ ಸ್ಟೂಲಿನ ಮೇಲಿಟ್ಟು ಜೇಬಿಗೆ ಕೈ ಹಾಕಿದ.

ಶಾಮಿಯಾನದ ಕಣ್ಣೆಲ್ಲ ಆ ಬಟ್ಟಲಿನತ್ತ ತಿರುಗಿತು. ಕೊಟ್ಟ ಕಾಫಿಯನ್ನು ಕುಡಿಯದೆ ಮುಂದಿಟ್ಟರೆ ನಮ್ಮಲ್ಲಿ ಅರ್ಥ ಒಂದೇ: ನನ್ನದೊಂದು ಕೇಳಿಕೆ ಇದೆ, ಅದನ್ನು ನಡೆಸಿಕೊಡುವವರೆಗೆ ನಿಮ್ಮ ಮನೆಯ ಕಾಫಿ ಮುಟ್ಟುವುದಿಲ್ಲ. ಹೆಣ್ಣು ಕೇಳಲು ಬಂದವರು ಇಡುತ್ತಾರೆ, ತಪ್ಪಾಯಿತು ಕ್ಷಮಿಸಿ ಎಂದು ಬಂದವರು ಇಡುತ್ತಾರೆ. ಸಾವಿನ ಶಾಮಿಯಾನದಲ್ಲಿ ಗುರುತಿಲ್ಲದ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುತ್ತ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಪಿಸುಮಾತು ಶುರುವಾಯಿತು. ಇವನು ಕಾರು ಕಲಿಸುವವನಲ್ಲವೇ, ನಮ್ಮವರ ಯಾರ ಮೇಲಾದರೂ ಗಾಡಿ ಹತ್ತಿಸಿದನೇ ಎಂದು ಅವನ ಕಾರನ್ನು ಬೀದಿಯಲ್ಲಿ ಕಂಡಿದ್ದ ಒಬ್ಬ ಕೇಳಿದ. ಹಾಜಿಯ ಹಿರಿಯ ಮಗ ತೈಸೀರ್‌ಗೆ ಅದಕ್ಕಿಂತ ಘೋರವಾದದ್ದು ಹೊಳೆಯಿತು. ಅಪ್ಪ ಪ್ರಾಯದಲ್ಲಿ ಗಡಿಯಾಚೆಯ ದರಾ ಎಂಬ ಊರಿಗೆ ಪದೇ ಪದೇ ಹೋಗುತ್ತಿದ್ದರು, ಕುರಿ ಕೊಳ್ಳಲು ಎಂದು. ಒಂದು ಸಲವೂ ಕುರಿ ಬಂದದ್ದಿಲ್ಲ. ಅವನು ಗಾಲೆಬ್‌ನ ಮೂಗನ್ನೇ ದಿಟ್ಟಿಸಿದ. ಹಾಜಿಯ ಮೂಗು ಊರಿಗೇ ಹೆಸರಾಗಿತ್ತು, ಗಾಲೆಬ್‌ನದೂ ಸಣ್ಣದೇನಾಗಿರಲಿಲ್ಲ.

ಕೊನೆಗೆ ಹಾಜಿಯ ತಮ್ಮ, ಮುದುಕ ಅಬೂ ಸಾಯಿಲ್ ಗಂಟಲು ಸರಿಮಾಡಿಕೊಂಡರು.

"ಕೇಳಪ್ಪ. ನಮ್ಮ ಕೈಲಾಗೋದಾದ್ರೆ ಆಯ್ತು ಅಂತಾನೇ ತಿಳ್ಕೋ."

ಗಾಲೆಬ್‌ಗೆ ಬಟ್ಟಲು ಕಂಡದ್ದೇ ಆಗ. ಎತ್ತಿ ಕುಡಿದುಬಿಟ್ಟರೆ ಸತ್ತವರ ಮನೆಯಲ್ಲಿ ತಮಾಷೆ ಮಾಡಿದಂತೆ. ಏನಾದರೂ ಸುಳ್ಳು ಹೇಳೋಣವೆಂದರೆ ನಾಲಿಗೆಗೆ ಒಂದೂ ಬರಲೊಲ್ಲದು. ಇಷ್ಟು ದಿನ ಮುಚ್ಚಿಟ್ಟದ್ದು ಇಷ್ಟು ಜನರ ಎದುರು ಹೀಗೆ ಬಯಲಾಗಬೇಕೇ ಎಂದು ನಾಚಿಕೆಯಿಂದ ಕುಗ್ಗಿಹೋದ.

"ಯಜಮಾನ್ರೇ, ನಿಮ್ಮಣ್ಣನ್ನ ನಾನು ನೋಡೇ ಇಲ್ಲ," ಎಂದ.

"ಮತ್ತೆ ಅಷ್ಟು ಅತ್ತಿದ್ದು?" ಎಂದ ತೈಸೀರ್.

"ಅದು ನಂದೇ ಅಳು. ನಂಗೇನೋ ಆಗಿದೆ, ಏನು ಅಂತ ನಂಗೇ ಗೊತ್ತಿಲ್ಲ. ಯಾರೂ ಸತ್ತಿಲ್ಲ, ಏನೂ ಕಳ್ಕೊಂಡಿಲ್ಲ. ಬೆಳಿಗ್ಗೆ ಕಣ್ಣು ಬಿಟ್ರೆ ಎದೆ ಮೇಲೆ ಯಾರೋ ಕೂತಂಗಿರುತ್ತೆ. ಮನೇಲಿ ಹೇಳೋಕೆ ನಾಚಿಕೆ. ಇಲ್ಲಾದ್ರೆ ಅಳೋರನ್ನ ಯಾರೂ ಏನೂ ಕೇಳಲ್ಲ ಅಂತ ಬಂದೆ. ಇನ್ನೊಂದು ಸ್ವಲ್ಪ ಹೊತ್ತು ಕೂತಿರ್ತೀನಿ. ಅಷ್ಟೇ ನನ್ನ ಕೇಳಿಕೆ."

ತೈಸೀರ್ ಸಿಟ್ಟಾಗಬೇಕೆಂದು ಎದ್ದು ನಿಂತಿದ್ದ. ಆದರೆ ಮಲತಮ್ಮ ತಪ್ಪಿದ ನೆಮ್ಮದಿಗೆ ಸಿಟ್ಟು ಬರಲೇ ಇಲ್ಲ, ಮತ್ತೆ ಕೂತ.

"ಆಯ್ತು, ನಡೆಸಿಕೊಟ್ಟೆ. ಕಾಫಿ ಕುಡಿ," ಎಂದರು ಅಬೂ ಸಾಯಿಲ್.

ಗಾಲೆಬ್ ಕುಡಿದ. ಅವನು ಬಟ್ಟಲು ಕೆಳಗಿಡುವ ಮೊದಲೇ ಮುದುಕರು ತಮ್ಮ ತುಂಬಿದ ಬಟ್ಟಲನ್ನು ಸ್ಟೂಲಿನ ಮೇಲಿಟ್ಟರು. ತಮಗೂ ಇದೇ ಕಾಯಿಲೆ ಎಂದರು. ಅಣ್ಣ ಸತ್ತದ್ದಕ್ಕಲ್ಲ, ಅದಕ್ಕೂ ಮುಂಚಿನಿಂದ. ಹೇಳಿಕೊಳ್ಳೋಣವೆಂದು ಅಣ್ಣನ ಮನೆಗೆ ಹೋದಾಗಲೆಲ್ಲ ಅವನು ಆಲಿವ್ ಮರಕ್ಕೆ ಬಿದ್ದ ಹುಳದ ಕಥೆ ತೆಗೆಯುತ್ತಿದ್ದ, ಈಗ ಕೇಳಲು ಅವನೂ ಇಲ್ಲ.

ಹಿಂದಿನ ಸಾಲಿನಿಂದ ಔಷಧಿ ಅಂಗಡಿಯವನು ತನ್ನ ಬಟ್ಟಲು ಇಟ್ಟ. ಇದಕ್ಕೆ ಡಾಕ್ಟರಿದ್ದಾರೆ, ತಾನೇ ಹೋಗುತ್ತಿದ್ದೇನೆ, ಆದರೆ ಹಿಂಬಾಗಿಲಿನಿಂದ, ಗಿರಾಕಿಗಳ ಕಣ್ಣು ತಪ್ಪಿಸಿ, ಎಂದು ಒಪ್ಪಿಕೊಂಡ. ಆಮೇಲೆ ಇನ್ನೊಬ್ಬ ಇಟ್ಟ, ಮತ್ತೊಬ್ಬ ಇಟ್ಟ. ಇಡೀ ಶಾಮಿಯಾನಕ್ಕೆ ಸುತ್ತಿ ಬರಬೇಕಾದ ಬಟ್ಟಲುಗಳು ಇದ್ದದ್ದೇ ನಾಲ್ಕಾರು.

"ಮಾವ, ಕೊಡೋಕೆ ಬಟ್ಟಲೇ ಉಳಿದಿಲ್ಲ," ಎಂದು ಕೆಟಲ್ ಹಿಡಿದವನು ಗೋಳಾಡಿದ. "ದುಃಖ ಇರೋರು ಬೇಗ ಹೇಳಿ ಕುಡೀರಪ್ಪ, ಹೊಸಬರು ಬಂದು ಕಾಯ್ತಿದಾರೆ."

ಹೊರಟಾಗ ಅಬೂ ಸಾಯಿಲ್ ಗಾಲೆಬ್‌ನ ತೋಳು ಹಿಡಿದು, ಮನೆಯಲ್ಲಿ ಹೇಳಿದ್ದೀಯಾ ಎಂದು ಕೇಳಿದರು. ಇಲ್ಲವೆಂದ.

"ಹೋಗಿ ಅಲ್ಲೂ ಇಡು," ಎಂದರು.

ಮನೆಯಲ್ಲಿ ಇನ್ಸಾಫ್ ಕಾಫಿ ತಂದುಕೊಟ್ಟಳು. ಗಾಲೆಬ್ ಅದನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತ. ಅವಳ ಮುಖ ಬಿಳಿಚಿಕೊಂಡಿತು.

"ಯಾರು ಅವಳು?" ಎಂದಳು.

ಅಂಥವಳು ಯಾರೂ ಇಲ್ಲವೆಂದು ನಂಬಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಆಮೇಲೆ ಎಲ್ಲವನ್ನೂ ಹೇಳಿದ. ಅಳುವುದಕ್ಕೆ ಈ ಸಲ ಯಾರೂ ಸಾಯಬೇಕಾಗಲಿಲ್ಲ. ಇನ್ಸಾಫ್ ಮೊದಲು ಬಾಯಿಗೆ ಬಂದಂತೆ ಬೈದಳು, ಆಮೇಲೆ ಪಕ್ಕಕ್ಕೆ ಬಂದು ಕೂತಳು.

"ಸತ್ತೋರ ಮನೆಗೆಲ್ಲ ಹೋಗಿ ಅತ್ತು ಬಂದ್ರಲ್ಲ, ಮನೇಲಿ ಬದುಕಿರೋಳು ಕಾಣ್ಲಿಲ್ವಾ ನಿಮ್ಗೆ?" ಎಂದಳು. "ಕುಡೀರಿ. ನಾಳೆ ಆ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ. ಮುಂಬಾಗಿಲಿಂದಾನೇ."

ಹೇಳುತ್ತಿದ್ದ ಹಾಗೆಯೇ ಅವಳ ಕೈ ಅಭ್ಯಾಸಬಲದಿಂದ ಫೋನಿನತ್ತ ಹೋಯಿತು. ಅಕ್ಕನ ನಂಬರು ಒತ್ತಲು ಹೊರಟವಳು ತಡೆದು ಗಂಡನ ಮುಖ ನೋಡಿದಳು.

ಗಾಲೆಬ್ ಬಟ್ಟಲು ಎತ್ತಿಕೊಂಡು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ.

"ಮಾಡು," ಎಂದ.