ಬರೀ ನೀರು

ಮುಚ್ಚಳ ಬರುತ್ತಿಲ್ಲ. ಉಗುರು ಸಿಕ್ಕಿಸಿ ಮೀಟಿದ, ಅಂಗಿಯ ಅಂಚು ಸುತ್ತಿ ತಿರುಗಿಸಿದ. ಹೆಂಡತಿಯ ಊಟದ ಡಬ್ಬಿ ಅವಳ ಹಾಗೆಯೇ ಬಿಗಿಯಾಗಿ ಬಾಯಿ ಮುಚ್ಚಿಕೊಂಡಿತ್ತು. ಬಚ್ಚಲಲ್ಲಿ ನೀರು ಬೀಳುವ ಸದ್ದು ನಿಂತಿತು. ಇನ್ನು ಅವಳು ತಲೆ ಒರೆಸಿಕೊಂಡು ಹೊರಗೆ ಬರಲು ನಾಲ್ಕು ನಿಮಿಷ. ಇದನ್ನು ಅವನು ನಿನ್ನೆಯೂ ಮೊನ್ನೆಯೂ ಗಡಿಯಾರ ನೋಡಿ ಖಾತ್ರಿ ಮಾಡಿಕೊಂಡಿದ್ದ.

ಕೊನೆಗೂ ಟಪ್ಪೆಂದು ಬಂತು. ಒಳಗೆ ಟೊಮೆಟೊ ಹಾಕಿ ಬೇಯಿಸಿದ ಕಡಲೆಕಾಳು, ಪಕ್ಕದಲ್ಲಿ ಅನ್ನ. ಅವನ ಡಬ್ಬಿಯಲ್ಲಿದ್ದದ್ದೂ ಅದೇ. ಅದೇ ಎಂದು ಕಾಣುವುದು ಬೇರೆ, ಅದೇ ಆಗಿರುವುದು ಬೇರೆ ಎಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಹದಿನೇಳು ವರ್ಷ ಸವೆಸಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಚಮಚ ತೆಗೆದು, ಲ್ಯಾಬಿನಿಂದ ತಂದಿದ್ದ ಪುಟ್ಟ ಸೀಸೆಗೆ ತುಂಬಿ ಜೇಬಿಗಿಳಿಸಿದ. ಹಳ್ಳ ಬಿದ್ದ ಜಾಗಕ್ಕೆ ಸುತ್ತಲಿನ ಕಾಳು ತಳ್ಳಿ ಮಟ್ಟ ಮಾಡಿದ.

"ಏನು ಮಾಡ್ತಿದ್ದೀರಿ?"

ಇವತ್ತು ಎರಡೇ ನಿಮಿಷ!

"ಉಪ್ಪು ನೋಡ್ತಿದ್ದೆ."

"ನನ್ನ ಡಬ್ಬೀಲಾ?"

"ಎರಡೂ ಒಂದೇ ಅಲ್ವಾ?"

"ಒಂದೇ." ಅವಳು ಅವನನ್ನು ನೋಡಿದಳು, ಚಮಚ ನೋಡಿದಳು. "ಸರಿಯಾಗಿದ್ಯಾ?"

"ಏನು?"

"ಉಪ್ಪು ರೀ."

"ಪರವಾಗಿಲ್ಲ," ಅಂದ. ನಾಲಿಗೆಗೆ ಒಂದು ಕಾಳನ್ನೂ ಮುಟ್ಟಿಸಿರಲಿಲ್ಲ.

ಮೂರು ವಾರದ ಹಿಂದೆ, ಒಂದು ಭಾನುವಾರ, ಅವಳು ಮಾಂಸ ಬಿಟ್ಟಳು. ಜಗಳವಿಲ್ಲ, ಕಣ್ಣೀರಿಲ್ಲ, ಭಾಷಣವಿಲ್ಲ. "ಇನ್ಮೇಲೆ ನಂಗೆ ಬೇಡ," ಅಂದಳು. ಯಾಕೆ ಅಂದ. "ಸುಮ್ನೆ. ಬೇಡ ಅನ್ನಿಸ್ತು," ಅಂದಳು. ನಿಮಗೆ ಬೇಕಾದ್ರೆ ಮಾಡಿ ಹಾಕ್ತೀನಿ ಎಂದೂ ಅಂದಳು. ಅವನು ದೊಡ್ಡ ಮನಸ್ಸು ಮಾಡಿ, ಅಥವಾ ಮಾಡಿದೆನೆಂದು ತಿಳಿದುಕೊಂಡು, "ನೀನು ತಿನ್ನೋದೇ ನಾನೂ ತಿಂತೀನಿ" ಎಂದುಬಿಟ್ಟ.

ಆಗಿನಿಂದ ಮನೆಯಲ್ಲಿ ಬಟಾಣಿ, ಅಣಬೆ, ಬೀನ್ಸು, ಬದನೆ. ಈರುಳ್ಳಿ ಹುರಿ, ತರಕಾರಿ ಹಾಕು, ಮುಚ್ಚಿಡು. ಒಂದೇ ಪಾತ್ರೆ, ಇಪ್ಪತ್ತು ನಿಮಿಷ. ಹಾಳಾದ್ದು, ರುಚಿಯಾಗಿಯೂ ಇರುತ್ತಿತ್ತು. ಅವನ ಅನುಮಾನ ಶುರುವಾದದ್ದೇ ಅಲ್ಲಿಂದ. ಬರೀ ಕಾಳಿಗೆ ಈ ರುಚಿ ಎಲ್ಲಿಂದ ಬರಬೇಕು? ಇಷ್ಟು ಸುಲಭಕ್ಕೆ ಬರುವುದೇ ಆದರೆ ಇವಳು ಹದಿನಾಲ್ಕು ವರ್ಷ ಒಲೆಯ ಮುಂದೆ ಅಷ್ಟು ಹೊತ್ತು ನಿಂತು ಏನು ಮಾಡುತ್ತಿದ್ದಳು?

ಅದಕ್ಕಿಂತ ಹೆಚ್ಚಾಗಿ ಆ "ಸುಮ್ನೆ" ಎಂಬ ಮಾತು ತಲೆಯೊಳಗೆ ಹುಳ ಬಿಟ್ಟಂತೆ ಕೊರೆಯುತ್ತಿತ್ತು. ಅವಳು ಅವನ ತಂಗಿಗೆ ತೂಕ ಇಳಿಸಬೇಕು ಅಂದಿದ್ದಳು. ಪಕ್ಕದ ಮನೆಯವಳಿಗೆ ಅಜೀರ್ಣ ಅಂದಿದ್ದಳು. ಅವನ ತಾಯಿಗೆ ಫೋನಿನಲ್ಲಿ, "ಡಾಕ್ಟರು ಹೇಳಿದ್ರು ಅತ್ತೆ," ಅಂದಿದ್ದಳು. ಮೂರನ್ನೂ ಅವನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ. ಒಂದಕ್ಕೊಂದು ತಾಳೆಯಿಲ್ಲ. ಆಸ್ಪತ್ರೆಯಲ್ಲಿ ಅವಳ ಕೆಲಸ ಎಕ್ಸ್‌ರೇ ತೆಗೆಯುವುದು. ಎಲುಬು ನೋಡಿ ನೋಡಿ ಹೇಸಿಗೆ ಬಂತೇನೋ ಎಂದು ತಾನೇ ಒಂದು ಕಾರಣ ಹುಡುಕಿಕೊಟ್ಟು ನೋಡಿದ. ಅದೂ ನಿಲ್ಲಲಿಲ್ಲ. ಹನ್ನೊಂದು ವರ್ಷದ ಕೆಲಸದಲ್ಲಿ ಬಾರದ ಹೇಸಿಗೆಯನ್ನು ಈಗ ಯಾರು ತಂದುಕೊಟ್ಟರು? ಅಥವಾ ಅಲ್ಲಿ, ಇನ್ಯಾರದೋ ಎದುರಿಗೆ ಕೂತು, ಚೆನ್ನಾಗಿಯೇ ತಿನ್ನುತ್ತಿದ್ದಾಳೋ? ಬೇಡವಾಗಿರುವುದು ಮಾಂಸವಲ್ಲ, ಈ ಮನೆಯ ಊಟದ ಮೇಜೋ?

ಅವನಿಗೆ ಭಯವಾಗಿತ್ತು. ಅನುಮಾನವೆಂಬುದು ಭಯಕ್ಕೆ ಅವನು ತೊಡಿಸಿದ್ದ ಬಿಳಿ ಕೋಟು, ಅಷ್ಟೆ. ಹದಿನಾಲ್ಕು ವರ್ಷ ಚಪ್ಪರಿಸಿ ತಿಂದದ್ದನ್ನು ಒಂದು ಬೆಳಿಗ್ಗೆ ಸುಮ್ಮನೆ ಬೇಡ ಅನ್ನಬಲ್ಲವಳು, ಅಷ್ಟೇ ಹಳೆಯ ಗಂಡನನ್ನು ಯಾವ ಬೆಳಿಗ್ಗೆ ಬೇಡ ಅನ್ನುತ್ತಾಳೋ?

ಲ್ಯಾಬಿನಲ್ಲಿ ಸೀಸೆಗಳಿಗೆ ಅರಗು ಹಚ್ಚಿ ಮುದ್ರೆ ಒತ್ತುವ ಹೆಂಗಸನ್ನು ಎಲ್ಲರೂ ಅರಗಿನಮ್ಮ ಎನ್ನುತ್ತಿದ್ದರು. ನಿವೃತ್ತಿಗೆ ಆರು ತಿಂಗಳಿದ್ದರೂ ಅವಳ ಕಣ್ಣು ಇನ್ನೂ ಚುರುಕು. ಅವನು ಜೇಬಿನಿಂದ ಸೀಸೆ ತೆಗೆದು ಮೂಲೆಯ ಮೇಜಿನ ಮೇಲಿಟ್ಟದ್ದು ಹೇಗೆ ಕಂಡಿತೋ.

"ನಂಬರಿಲ್ವಲ್ಲ ಸಾರ್ ಅದಕ್ಕೆ?"

"ನನ್ನ ಸ್ವಂತದ್ದು."

"ಸ್ವಂತದ್ದಾದ್ರೂ ಪಕ್ಕದಲ್ಲಿ ಬ್ಲ್ಯಾಂಕ್ ಇಡಿ. ನೀವೇ ಹೇಳ್ಕೊಟ್ಟಿದ್ದು."

ಹೌದು, ಅವನೇ ಹೇಳಿಕೊಟ್ಟದ್ದು. ಬ್ಲ್ಯಾಂಕ್ ಎಂದರೆ ಬರೀ ನೀರು. ಪರೀಕ್ಷೆ ಮಾಡುವ ಪ್ರತಿಯೊಂದರ ಪಕ್ಕದಲ್ಲೂ ಒಂದು ನಳಿಗೆ ಬರೀ ನೀರಿಟ್ಟು ಅದಕ್ಕೂ ಅದೇ ಪರೀಕ್ಷೆ ಮಾಡಬೇಕು. ನೀರಿನಲ್ಲಿ ಏನೂ ಕಾಣಿಸಿಕೊಳ್ಳಬಾರದು. ಕಾಣಿಸಿಕೊಂಡಿತೋ, ಕೊಳೆ ಇರುವುದು ಪರೀಕ್ಷೆ ಮಾಡುವವನಲ್ಲಿ. ಇಡೀ ಕೆಲಸವನ್ನು ಚರಂಡಿಗೆ ಸುರಿದು ಮೊದಲಿನಿಂದ ಶುರು ಮಾಡಬೇಕು. ಬ್ಲ್ಯಾಂಕ್ ನೋಡದೆ ವರದಿ ಬರೆದವರ ನೀರನ್ನು ಅವನು ಎಲ್ಲರೆದುರು ಇಳಿಸಿದ್ದುಂಟು.

"ಊಟದ ಹೊತ್ತಲ್ಲಿ ಮಾಡ್ತೀನಿ," ಅಂದ. ಆಗ ಇಲ್ಲಿ ಯಾರೂ ಇರುವುದಿಲ್ಲ.

ಊಟದ ಹೊತ್ತಾದಾಗ, ಪರೀಕ್ಷೆಗೆ ಮೊದಲು ಅವನಿಗೆ ಬೇರೆ ಕೆಲಸವಿತ್ತು. ತನ್ನ ಡಬ್ಬಿಯನ್ನು ಎಂದಿನಂತೆ ಅರಗಿನಮ್ಮನ ಕಡೆ ಸರಿಸಿದ. "ನಿಮ್ಮನೆಯವರ ಕೈರುಚಿಯೇ ರುಚಿ ಸಾರ್," ಎಂದು ಅವಳೂ ಎಂದಿನಂತೆ ಮುಚ್ಚಳ ತೆರೆದಳು. ಅವನು ಹಿಂದಿನ ಬೀದಿಯ ಟೈರು ಅಂಗಡಿಯ ಪಕ್ಕಕ್ಕೆ ಹೋದ. ಅಲ್ಲಿ ಒಬ್ಬ ಕೈಮಾ ತುಂಬಿದ ಬನ್ನು ಮಾರುತ್ತಿದ್ದ.

"ಮನೇಲಿ ಇನ್ನೂ ಸೊಪ್ಪು ಸದೇನಾ ಸಾರ್?"

"ಮೆತ್ತಗೆ ಮಾತಾಡಪ್ಪ."

"ಇಲ್ಲಿ ಯಾರಿದ್ದಾರೆ?"

ಯಾರೂ ಇರಲಿಲ್ಲ. ಆದರೂ ಅವನು ಗೋಡೆಗೆ ಮುಖ ಮಾಡಿಕೊಂಡು ತಿಂದ. ಮೂರು ವಾರದಿಂದ ಈ ಗೋಡೆಯ ಪ್ರತಿಯೊಂದು ಬಿರುಕೂ ಅವನಿಗೆ ಬಾಯಿಪಾಠ. ಇದನ್ನು ಮೋಸವೆನ್ನಲಾದೀತೇ? ಹಸಿವು. ತಾನು ಹೀಗೆ ಗೋಡೆ ನೋಡುತ್ತ ತಿನ್ನುವುದಾದರೆ, ಅವಳಿಗೂ ಅಲ್ಲೊಂದು ಗೋಡೆ ಇರಲೇಬೇಕಲ್ಲ? ಇಲ್ಲದೆ ಹೇಗೆ ಇರುತ್ತಾಳೆ? ಬೆರಳಿಗಿಳಿದ ಜಿಡ್ಡನ್ನು ಕರ್ಚೀಫಿಗೆ ಒರೆಸಿ ಜೇಬಿಗೆ ತುರುಕಿಕೊಂಡ.

ಲ್ಯಾಬು ಖಾಲಿ. ಇದೇನು ಕಚೇರಿಯ ಕೆಲಸವಲ್ಲವಲ್ಲ ಎಂದು ಕೈಗವಸು ಹಾಕಲಿಲ್ಲ. ಕಡಲೆಕಾಳನ್ನು ಅರೆದು ಒಂದು ನಳಿಗೆಯಲ್ಲಿ ನೀರಿಗೆ ಬೆರೆಸಿದ. ಬಿರಡೆ ಹುಡುಕುವ ತಾಳ್ಮೆಯಿಲ್ಲದೆ ಹೆಬ್ಬೆರಳಿನಿಂದಲೇ ಬಾಯಿ ಮುಚ್ಚಿ ಕುಲುಕಿದ. ಇನ್ನೊಂದು ನಳಿಗೆಗೆ ಬರೀ ನೀರು ಹಾಕಿ, ಅಭ್ಯಾಸಬಲದಿಂದ ಅದನ್ನೂ ಹಾಗೆಯೇ ಕುಲುಕಿದ. ಎರಡಕ್ಕೂ ಒಂದೊಂದು ಕಾಗದದ ಪಟ್ಟಿ ಇಳಿಬಿಟ್ಟ. ಪಟ್ಟಿಯ ಮೇಲೆ ಒಂದು ಗೆರೆ ಮೂಡಿದರೆ ಮಾಂಸವಿಲ್ಲ, ಎರಡು ಮೂಡಿದರೆ ಇದೆ. ಹದಿನೈದು ನಿಮಿಷ ಕಾಯಬೇಕು.

ಐದೇ ನಿಮಿಷಕ್ಕೆ ಹೆಂಡತಿಯ ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡಿತು. ತಿಳಿಗೆಂಪು, ಕೂದಲೆಳೆಯಷ್ಟು ಸಣ್ಣದು. ಆದರೆ ಗೆರೆಯೇ.

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಅಬ್ಬ, ಇವಳೂ ಸುಳ್ಳಿ! ಕದ್ದು ಬೆರೆಸುತ್ತಾಳೆ, ಕದ್ದು ತಿನ್ನುತ್ತಾಳೆ, ಹಟಕ್ಕೆ ಬಿದ್ದು ಬಾಯಿ ಬಿಡುವುದಿಲ್ಲ. ತನ್ನ ಹಾಗೆಯೇ. ಅಂದಮೇಲೆ ಏನೂ ಕೈಬಿಟ್ಟಿಲ್ಲ, ಎಲ್ಲಿಗೂ ಹೋಗುವುದಿಲ್ಲ ಅವಳು. ಅವನಿಗೆ ಅವಳ ಮೇಲೆ ಮೂರು ವಾರದಲ್ಲಿ ಮೊದಲ ಸಲ ಪ್ರೀತಿ ಉಕ್ಕಿತು. ಪಕ್ಕದ ನಳಿಗೆಯತ್ತ ಅವನು ತಿರುಗಿಯೂ ನೋಡಲಿಲ್ಲ. ಬರೀ ನೀರಿನಲ್ಲಿ ನೋಡುವಂಥದ್ದೇನಿದೆ? ಮಿಕ್ಕಿದ್ದ ಒಂದು ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತಲೆನೋವೆಂದು ಚೀಟಿ ಬರೆದಿಟ್ಟು ಹೊರಟ.

ಅವಳದು ಬೆಳಗಿನ ಪಾಳಿ. ಆಗಲೇ ಮನೆಗೆ ಬಂದಿದ್ದಳು. ಅಣಬೆಯನ್ನು ಉದ್ದುದ್ದಕ್ಕೆ ಸೀಳಿ ಬಾಣಲೆಗೆ ಹಾಕುತ್ತಿದ್ದಳು. ಅವನು ದಾರಿಯಲ್ಲಿ ಕೊಂಡುತಂದ ಮಾಂಸದ ಪೊಟ್ಟಣವನ್ನು ಅವಳ ಪಕ್ಕದಲ್ಲಿಟ್ಟ, ಬಹುಮಾನ ಗೆದ್ದು ತಂದವನ ಗತ್ತಿನಲ್ಲಿ.

"ಇದೇನು?"

"ಸಾಕು ಕಣೇ ನಾಟಕ. ನಂಗೆಲ್ಲಾ ಗೊತ್ತು."

"ಏನು ಗೊತ್ತು?"

"ಬಯ್ಯೋಕೆ ಬಂದಿಲ್ಲ. ಇಬ್ಬರೂ ಕೂತು ತಿನ್ನೋಣ, ಮೊದಲಿನ ಹಾಗೆ."

"ಏನು ಗೊತ್ತು ಅಂದೆ."

"ನಿನ್ನ ಡಬ್ಬೀದು ಲ್ಯಾಬಲ್ಲಿ ನೋಡ್ದೆ. ಎರಡು ಗೆರೆ ಬಂತು."

ಅವಳು ಒಲೆ ಆರಿಸಿದಳು. ಬಾಣಲೆಯ ಚಟಪಟ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ಅದೂ ನಿಂತಿತು.

"ಉಪ್ಪು ನೋಡ್ತಿದ್ದೆ ಅಂದ್ರಲ್ಲ," ಅಂದಳು.

"ನೀನು ಬಾಯಿ ಬಿಡಲ್ಲ, ಇನ್ನೇನು ಮಾಡ್ಲಿ?"

"ಕೇಳಬಹುದಿತ್ತು."

"ಕೇಳಿದ್ದೆ. ಸುಮ್ನೆ ಅಂದೆ."

"ಒಂದ್ಸಲ ಕೇಳಿದ್ರಿ. ಟಿವಿ ನೋಡ್ತಾ."

ಅಷ್ಟರಲ್ಲಿ ಫೋನು. ಅರಗಿನಮ್ಮ. ಅವಳ ಗಂಟಲಿಗೆ ಫೋನೇ ಬೇಕಿರಲಿಲ್ಲ, ಮಾತು ಅಡುಗೆಮನೆಯ ತುಂಬ ಕೇಳಿಸಿತು. "ಸಾರ್, ಮೂಲೆ ಮೇಜಿನ ಮೇಲೆ ಎರಡು ನಳಿಗೆ ಬಿಟ್ಟೋಗಿದ್ದೀರಿ. ಬರೀ ನೀರಿಂದ್ರಲ್ಲೂ ಎರಡು ಗೆರೆ ಬಂದಿದೆ. ಎರಡನ್ನೂ ಚೆಲ್ಲಿಬಿಡ್ಲಾ? ಹಾಗೆ ಬಂದ್ರೆ ಚೆಲ್ಲಬೇಕು ಅಂತ ನೀವೇ—"

"ಚೆಲ್ಲಿ," ಅಂದ.

ಹೆಂಡತಿ ಅವನ ಮುಖ ನೋಡಿದಳು. "ಬರೀ ನೀರಲ್ಲಿ ಮಾಂಸ ಎಲ್ಲಿಂದ ಬಂತು?"

"ಕೈ... ತೊಳೆದಿರಲಿಲ್ಲವೇನೋ."

"ಯಾರ ಕೈ?"

ಅವನು ತನ್ನ ಹೆಬ್ಬೆರಳನ್ನು ಮಡಿಚಿ ಮುಷ್ಟಿಯೊಳಗೆ ಇಟ್ಟುಕೊಂಡ.

"ಆ ಕರ್ಚೀಫು ಒಗೆಯೋಳು ನಾನೇ ಅಲ್ವೇನ್ರೀ," ಅಂದಳು. ಮಾತಿನಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. "ಮೊದಲನೇ ವಾರಾನೇ ಗೊತ್ತಾಯ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಸುಮ್ನೆ." ಅವಳು ಪೊಟ್ಟಣದ ದಾರ ಬಿಚ್ಚತೊಡಗಿದಳು. "ಕೇಳೋದು ಬೇಡ ಅನ್ನಿಸ್ತು."

ಅವನು ಹೆದರಿಕೊಂಡಿದ್ದ ಆ "ಬೇಡ" ಎಂಬ ಮಾತು ಬಂದಾಗಿತ್ತು. ಯಾವುದೋ ಬೆಳಿಗ್ಗೆ ಬರುತ್ತದೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದವನಿಗೆ, ಅದು ಎರಡು ವಾರದ ಹಿಂದೆಯೇ, ಒಗೆಯುವ ಕಲ್ಲಿನ ಮುಂದೆ, ತಾನಿಲ್ಲದ ಹೊತ್ತಿನಲ್ಲಿ ಬಂದುಹೋಗಿದೆ ಎಂದು ತಿಳಿದು ದುಃಖವಾಯಿತು. ಕೂಗಾಡಲಿ, ಬಾಣಲೆ ಎಸೆಯಲಿ, ಕಳ್ಳ ಅನ್ನಲಿ ಎಂದು ಒಳಗೊಳಗೇ ಅಂಗಲಾಚಿದ.

"ನಿಜ ಹೇಳು. ಯಾಕೆ ಬಿಟ್ಟೆ?"

"ಹೇಳಿದ್ರೆ ನಂಬ್ತೀರಾ?"

ಬಾಯಿ ತೆರೆದ. ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತೂ ಕಳೆದುಹೋಯಿತು. ಅವಳು ಒಲೆ ಹಚ್ಚಿದಳು.

ಎರಡು ಬಾಣಲೆಗಳಲ್ಲಿ ಅಡುಗೆಯಾಯಿತು. ಅವನ ಮಾಂಸವನ್ನು ಅವಳು ಮೊದಲಿನಂತೆಯೇ, ಕಾಳುಮೆಣಸು ಜಜ್ಜಿ ಹಾಕಿ, ಹದವಾಗಿ ಹುರಿದಳು. ಅವನ ತಟ್ಟೆಗೆ ಅದು, ಅವಳ ತಟ್ಟೆಗೆ ಅಣಬೆ. ಇಬ್ಬರೂ ಎದುರುಬದುರು ಕೂತರು.

"ಹೇಗಿದೆ?"

"ಚೆನ್ನಾಗಿದೆ." ಇದ್ದಿರಬಹುದು. ಅವನಿಗೆ ರುಚಿಯೇ ಹತ್ತುತ್ತಿರಲಿಲ್ಲ. ಮತ್ತೆ ಅವಳ ತಟ್ಟೆಯತ್ತ ಕಣ್ಣು ಹೋಯಿತು. ಅಷ್ಟು ನೆಮ್ಮದಿಯಾಗಿ ಹೇಗೆ ತಿನ್ನುತ್ತಾಳೆ? ಮಧ್ಯಾಹ್ನದ ಪರೀಕ್ಷೆ ಕೆಟ್ಟಿತು, ಸರಿ. ಕೆಟ್ಟಿತು ಎಂದರೆ ಅವಳ ಡಬ್ಬಿಯಲ್ಲಿ ಏನೂ ಇರಲಿಲ್ಲ ಎಂದಲ್ಲವಲ್ಲ. ಇತ್ತೋ ಇಲ್ಲವೋ ಗೊತ್ತಿಲ್ಲ ಎಂದಷ್ಟೇ.

ಅನ್ನ ತರಲು ಅವಳು ಒಳಗೆ ಹೋದಳು. ಅವಳು ಅರ್ಧ ಕುಡಿದಿಟ್ಟ ನೀರಿನ ಲೋಟ ಮೇಜಿನ ಮೇಲಿತ್ತು. ಎಡಗೈ ತಾನಾಗಿ ಜೇಬಿಗೆ ಹೋಯಿತು, ಪಟ್ಟಿ ತೆಗೆಯಿತು, ಆ ಲೋಟದೊಳಗೆ ಇಳಿಬಿಟ್ಟಿತು. ಎಡಗೈಯನ್ನಾದರೂ ತೊಳೆದಿದ್ದೆನೇ? ನೆನಪಾಗಲಿಲ್ಲ.

ಅವಳು ಅನ್ನದ ಪಾತ್ರೆ ಹಿಡಿದು ಬಂದಳು. ಲೋಟ ನೋಡಿದಳು. ಅವನಿಗೆ ಅನ್ನ ಬಡಿಸಿದಳು, ತನಗೂ ಬಡಿಸಿಕೊಂಡಳು. ಮತ್ತೆ ಒಳಗೆ ಹೋಗಿ ಇನ್ನೊಂದು ಲೋಟದಲ್ಲಿ ನೀರು ತಂದುಕೊಂಡಳು.

ಪಟ್ಟಿಯ ಮೇಲೆ ಮೊದಲ ಗೆರೆ ಮೂಡಿತು. ಅದರ ಕೆಳಗೆ ಏನೋ ಮಸುಕಾಗಿ ಕಂಡ ಹಾಗಿತ್ತು. ದೀಪದ ನೆರಳೂ ಇರಬಹುದು. ಅವನು ತಲೆ ಬಗ್ಗಿಸಿ ಅದನ್ನೇ ನೋಡುತ್ತ ಕೂತ. ಎದುರಿಗೆ ಅವಳು, ಹೊಸ ಲೋಟದ ಬಾಯಿಯನ್ನು ಎಡ ಅಂಗೈಯಿಂದ ಮುಚ್ಚಿ ಹಿಡಿದುಕೊಂಡು, ಬಲಗೈಯಲ್ಲಿ ನಿಧಾನವಾಗಿ ಊಟ ಮಾಡುತ್ತಿದ್ದಳು.