ಕಿಟಕಿ ಪಕ್ಕದ ಮಿಷಿನ್ನಿಗೆ ಆಡಿದ ಆಟ

ಆ ಹೊಲಿಗೆ ಅಂಗಡಿಯಲ್ಲಿ ಯಾವ ತಕರಾರೂ ಯಜಮಾನರ ತನಕ ಹೋಗುತ್ತಿರಲಿಲ್ಲ. ಹೊಸ ಕತ್ತರಿ ಯಾರಿಗೆ, ಕಸ ಗುಡಿಸುವ ಸರದಿ ಯಾರದು, ಫ್ಯಾನು ಯಾರ ಕಡೆ ತಿರುಗಬೇಕು, ಎಲ್ಲವೂ ಪೋಕರ್ ಆಟದಲ್ಲೇ ಇತ್ಯರ್ಥವಾಗಬೇಕು. ಕೈಯಲ್ಲಿ ಗುಟ್ಟಾಗಿ ಎರಡೆರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ತೆರೆದ ಐದು; ಕೂಡಿಸಿದಾಗ ಯಾರದು ಮೇಲೋ ಅವರು ಗೆದ್ದ ಹಾಗೆ, ಏರಿಸಿದ ಪಣ ಕಟ್ಟದವರು ಎಲೆ ಕೆಳಗಿಟ್ಟು ಹೊರಗೆ. ಪಣಕ್ಕೆ ಇಡುತ್ತಿದ್ದದ್ದು ದುಡ್ಡಲ್ಲ, ಗುಂಡಿ. ಅಂಗಿ ಗುಂಡಿಗೆ ಕಡಿಮೆ ಬೆಲೆ, ಕೋಟಿನ ಗುಂಡಿಗೆ ಹೆಚ್ಚು. ನೋಡುವವರಿಗೆ ಮಕ್ಕಳಾಟ. ಆದರೆ ಸೋತವರು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೂ ಉಂಟು.

ಆ ಶನಿವಾರ ಮಧ್ಯಾಹ್ನ ಆಟ ನಡೆದದ್ದು ಕಿಟಕಿ ಪಕ್ಕದ ಜಾಗಕ್ಕೆ. ಅಲ್ಲಿನ ಮಿಷಿನ್ನಿನಲ್ಲಿ ಕೋಟು ಹೊಲಿಯುತ್ತಿದ್ದ ಮೇಸ್ತ್ರಿ ಕೆಲಸ ಬಿಟ್ಟು ಮಗಳ ಮನೆಗೆ ಹೋಗಿಬಿಟ್ಟಿದ್ದರು. ಜಾಗ ಒಂದು, ಆಸೆಪಟ್ಟವರು ಮೂವರು. ಕಾಲರ್ ಹೊಲಿಯುವ ಮುದುಕ, ಎಲ್ಲರ ಬಾಯಲ್ಲೂ ಚಿಕ್ಕಪ್ಪ, ಬೀದಿ ನೋಡುತ್ತಾ ತೂಕಡಿಸಲು ಅದನ್ನು ಕೇಳಿದ. ಇಸ್ತ್ರಿ ಮಾಡುವ ಭಾವನಿಗೆ ಗಾಳಿ ಬೇಕಿತ್ತು. ಮಿಷಿನ್ನನ್ನು ಅಟ್ಟಕ್ಕೆ ಎಸೆದು ಅಲ್ಲಿ ಇಸ್ತ್ರಿ ಮೇಜು ಹಾಕಿಕೊಳ್ಳುವುದು ಅವರ ಲೆಕ್ಕ. ಕಾಜಮ್ಮನಿಗೆ ಮಾತ್ರ ಬೇಕಾದದ್ದು ಮಿಷಿನ್ನು. ಅವಳು ಕೆಲಸಕ್ಕೆ ಸೇರಿದಾಗಿನಿಂದ ಮೂಲೆಯ ಸ್ಟೂಲಿನ ಮೇಲೆ ಕೂತು ಬೇರೆಯವರು ಹೊಲಿದ ಬಟ್ಟೆಗೆ ಗುಂಡಿ ತೂರುವ ಕಾಜಾ ಹಾಕಿದವಳು. ಹೆಸರೂ ಅದರಿಂದಲೇ ಬಂತು. ಮೇಸ್ತ್ರಿ ಊಟಕ್ಕೆ ಎದ್ದಾಗಲೆಲ್ಲ ಕದ್ದುಮುಚ್ಚಿ ಆ ಮಿಷಿನ್ನಿನಲ್ಲಿ ತೋಳು ಕೂಡಿಸಿ, ಒಳಗೆ ಅಸ್ತರು ಹಚ್ಚಿ, ಕೋಟು ಹೊಲಿಯುವುದನ್ನು ಪೂರ್ತಿ ಕಲಿತಿದ್ದಳು. ತಾನೇ ಹೊಲಿದ ಒಂದು ಕೋಟು ಯಾರದ್ದಾದರೂ ಮೈಮೇಲೆ ಬೀದಿಯಲ್ಲಿ ಹೋಗುವುದನ್ನು ನೋಡಬೇಕು, ಅಷ್ಟೇ ಅವಳ ಆಸೆ. ಮಿಷಿನ್ನು ಅಟ್ಟ ಹತ್ತಿದರೆ ಆ ಆಸೆಯೂ ಅದರ ಜೊತೆಗೇ ಹತ್ತಿದಂತೆ.

ಭಾವ ಅಂದರೆ ಕಾಜಮ್ಮನ ಸ್ವಂತ ಭಾವನೇ, ಅಕ್ಕನ ಗಂಡ. ಅವಳಿಗೆ ಇಲ್ಲಿ ಕೆಲಸ ಕೊಡಿಸಿದವರು. ಆ ಉಪಕಾರವನ್ನು ಆಗಾಗ ಎತ್ತಿ ಆಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಕಾಜಮ್ಮನಿಗೆ ಆಟ ಬರುತ್ತಿತ್ತು, ತಾಳ್ಮೆ ಬರುತ್ತಿರಲಿಲ್ಲ. ಒಳ್ಳೆಯ ಎಲೆ ಬಿದ್ದ ಕೂಡಲೇ ಗುಂಡಿಗಳನ್ನು ಬೊಗಸೆಯಲ್ಲಿ ತುಂಬಿ ನಡುವಿಗೆ ಸುರಿಯುವಳು. ಉಳಿದವರು ಮುಸಿಮುಸಿ ನಗುತ್ತಾ ತಮ್ಮ ಎಲೆ ಕೆಳಗಿಡುವರು. ರಾಜರು, ಎಕ್ಕಗಳು ಕೈಗೆ ಬಂದು ಎರಡು ಅಂಗಿ ಗುಂಡಿ ಗೆಲ್ಲುವುದೆಂದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

"ಎಲೆ ಚೆನ್ನಾಗಿದ್ದಾಗ ಬಾಯಿಗೆ ಬೀಗ ಹಾಕ್ಕೊಳ್ಳೇ" ಎಂದು ಬೆಳಿಗ್ಗೆ ಅಕ್ಕ ಹೇಳಿ ಕಳಿಸಿದ್ದಳು. ಗಂಡನ ವಿರುದ್ಧ ತಂಗಿಗೆ ಬುದ್ಧಿ ಹೇಳುವುದರಲ್ಲಿ ಆಕೆಗೆ ಬಹಳ ಸುಖ.

ಕಾಜಮ್ಮ ಬೀಗ ಹಾಕಿಕೊಂಡೇ ಕೂತಳು. ಮೊದಲ ಆಟದಲ್ಲೇ ಕೈಗೆ ಇಬ್ಬರು ರಾಜರು ಬಂದರು. ಸುಮ್ಮನಿದ್ದಳು. ಮೇಜಿನ ನಡುವೆ ಮೂರು ಎಲೆ ತೆರೆದರು, ಸುಮ್ಮನಿದ್ದಳು. ನಾಲ್ಕನೆಯದು ಬಂತು, ಆಗಲೂ ಸುಮ್ಮನಿದ್ದಳು. ಪಣ ಏರಿಸುವವರೇ ಇಲ್ಲದಿದ್ದರಿಂದ ಚಿಕ್ಕಪ್ಪ ಪುಕ್ಕಟೆಯಾಗಿ ಕಾಯುತ್ತಾ ಕೂತ. ಐದನೆಯ ಎಲೆ ಬಿದ್ದು ಅವನಿಗೆ ಸಾಲಾಗಿ ಐದು ಎಲೆ ಕೂಡಿತು. ಆಗ ಏರಿಸಿದ ಕಾಜಮ್ಮ ತನ್ನ ಗುಂಡಿಗಳ ಗುಡ್ಡೆಯ ಅರ್ಧ ಕಳೆದುಕೊಂಡಳು.

"ಮೊದ್ಲೇ ಏರಿಸಿದ್ರೆ ಓಡಿಹೋಗ್ತಿದ್ದೆ ಕಣಮ್ಮ" ಎಂದ ಚಿಕ್ಕಪ್ಪ, ಗುಂಡಿ ಬಾಚಿಕೊಳ್ಳುತ್ತಾ. "ಅನ್ನ ಹಾಕಿ ಕೂರಿಸ್ಕೊಂಡೆ ನನ್ನ."

ಅವಳಿಗೆ ಅಳು ಬರುವ ಹಾಗಾಯಿತು. ಬೇಗ ಏರಿಸಿದರೆ ಓಡುತ್ತಾರೆ, ತಡ ಮಾಡಿದರೆ ತಲೆ ಮೇಲೆ ಕೂರುತ್ತಾರೆ. ಹಾಗಾದರೆ ಯಾವಾಗ?

ಸ್ವಲ್ಪ ಹೊತ್ತಿಗೆ ಭಾವ ಏನೂ ಇಲ್ಲದ ಕೈಯಲ್ಲಿ ಗುಡುಗಿ ಗುಡುಗಿ ಚಿಕ್ಕಪ್ಪನನ್ನು ಬರಿಗೈ ಮಾಡಿ ಎಬ್ಬಿಸಿದರು. ಕಾಜಮ್ಮನೂ ಒಂದೊಂದೇ ಗೆದ್ದು ಗುಡ್ಡೆ ಮೇಲೆತ್ತಿಕೊಂಡಿದ್ದಳು. ಈಗ ಇಬ್ಬರೇ. ಗುಡ್ಡೆಗಳೂ ಹೆಚ್ಚುಕಮ್ಮಿ ಒಂದೇ ಎತ್ತರ. ಯಜಮಾನರೂ ಬಂದು ಬಾಗಿಲಿಗೆ ಒರಗಿ ನಿಂತರು.

ಚಿಕ್ಕಪ್ಪ ಎಲೆ ಹಂಚಿದ. ಕಾಜಮ್ಮನ ಕೈಗೆ ಇಬ್ಬರು ರಾಣಿಯರು. ಮೇಜಿನ ಮೇಲೆ ಮೂರು ಎಲೆ ತೆರೆದಾಗ ಆಟೀನಿನ ರಾಣಿ, ಕಳಾವರಿನ ಎಕ್ಕ, ಆಟೀನಿನ ನಾಲ್ಕು. ಮೂವರು ರಾಣಿಯರು. ಬೊಗಸೆ ತಾನಾಗಿಯೇ ಗುಂಡಿಯ ಕಡೆ ಹೊರಟಿತು.

ಅವಳು ಕೈ ತಡೆದಳು. ತನ್ನ ಎಲೆ ಏನೆಂದು ತನಗೆ ಗೊತ್ತೇ ಇದೆ, ಇನ್ನೆಷ್ಟು ಸಲ ಅದನ್ನೇ ನೋಡುವುದು? ನೋಡಬೇಕಾದದ್ದು ಭಾವನನ್ನು ಅನ್ನಿಸಿತು. ಭಾವ ನಿರಾಳವಾಗಿ ಕೂತಿದ್ದರು, ಎರಡೂ ಕೈ ತೊಡೆಯ ಮೇಲೆ. ಅವರ ಮುಂದೆ ಮೇಜಿನ ಬಟ್ಟೆ ಸುಕ್ಕುಗಟ್ಟಿದ್ದರೂ ಅವರ ಕೈ ಅದರತ್ತ ಹೋಗಿರಲಿಲ್ಲ. ಅಂದರೆ ಅವರಿಗಿನ್ನೂ ಎಲೆಯ ಮೇಲೆ ಪ್ರೀತಿ ಹುಟ್ಟಿಲ್ಲ. ಆದರೆ ಪುಕ್ಕಟೆ ಕೂರಿಸಿಕೊಳ್ಳುವುದೂ ಬೇಡ. ಮೇಜಿನ ಮೇಲೆ ಎರಡು ಆಟೀನಿವೆ, ಇನ್ನೊಂದು ಬಿದ್ದು ಭಾವನಿಗೆ ಐದೂ ಆಟೀನು ಕೂಡಿದರೆ ಕಷ್ಟ. ಅವಳು ಒಂದೇ ಒಂದು ಕೋಟಿನ ಗುಂಡಿ ಮುಂದಕ್ಕೆ ತಳ್ಳಿದಳು.

"ಇಷ್ಟೇನಾ?" ಎಂದು ಭಾವ ತಾವೂ ಒಂದು ಇಟ್ಟರು.

ನಾಲ್ಕನೆಯ ಎಲೆ ಇಸ್ಪೀಟಿನ ಒಂಬತ್ತು. ಭಾವನ ಮುಖ ಕಲ್ಲಿನಂತೇ ಇತ್ತು. ಆದರೆ ಬಲಗೈ ಮೆಲ್ಲಗೆ ಮೇಲೆ ಬಂದು ಮುಂದಿದ್ದ ಸುಕ್ಕನ್ನು ಅಂಗೈಯಿಂದ ನೀವತೊಡಗಿತು, ಒಂದು ಸಲ, ಮತ್ತೊಂದು ಸಲ. ಇಸ್ತ್ರಿ ಮಾಡುವವರು, ಪಾಪ; ಮನಸ್ಸಿಗೆ ಹಿಡಿಸಿದ ಬಟ್ಟೆ ಬಂದಾಗ ಪೆಟ್ಟಿಗೆ ಇಡುವ ಮೊದಲು ಹೀಗೇ ನೀವುತ್ತಿದ್ದರು. ಪಕ್ಕದಲ್ಲೇ ಕೂತು ಕೆಲಸ ಮಾಡಿದವಳಿಗೆ ಅದು ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು.

ಇದೇ ಹೊತ್ತು. ಈಗ ಅವರು ಓಡುವುದಿಲ್ಲ.

ಕಾಜಮ್ಮ ಒಂದು ಹಿಡಿ ಇಟ್ಟಳು. ಭಾವ ಎರಡು ಹಿಡಿ ಇಟ್ಟರು. ಕಾಜಮ್ಮ ಇಡೀ ಗುಡ್ಡೆಯನ್ನು ಎರಡೂ ಕೈಯಿಂದ ನಡುವಿಗೆ ನೂಕಿದಳು.

"ಮತ್ತದೇ ಆತುರ" ಎಂದು ನಕ್ಕು ಭಾವ ತಮ್ಮದರಲ್ಲೂ ಅಷ್ಟನ್ನೇ ಎಣಿಸಿ ನೂಕಿ ಎಲೆ ತೋರಿಸಿದರು. ಎಕ್ಕ ಮತ್ತು ಒಂಬತ್ತು, ಎರಡು ಜೋಡಿ. ಕಾಜಮ್ಮ ರಾಣಿಯರನ್ನು ಮಲಗಿಸಿದಳು; ಮೇಜಿನದೂ ಸೇರಿ ಮೂವರು, ಎರಡು ಜೋಡಿಗಿಂತ ಮೇಲು. ಭಾವನ ನಗು ಅಲ್ಲೇ ನಿಂತಿತು. ಇನ್ನೊಂದು ಎಕ್ಕವೋ ಒಂಬತ್ತೋ ಬಂದರೆ ಮಾತ್ರ ಅವರಿಗೆ ಉಳಿಗಾಲ. ಚಿಕ್ಕಪ್ಪ ಬೇಕೆಂದೇ ತಡಮಾಡಿ ಕೊನೆಯ ಎಲೆ ಎತ್ತಿದ. ಬಂದದ್ದು ಯಾರಿಗೂ ಬೇಡದ ಎರಡರ ಎಲೆ.

ಭಾವನ ಬಳಿ ಉಳಿದದ್ದು ಒಂದೆರಡು ಅಂಗಿ ಗುಂಡಿ. ಅವನ್ನೂ ಅವಳ ಕಡೆಗೆ ತಳ್ಳಿದರು. "ಯಾವಾಗ ಕಲಿತೆಯೇ ಇದನ್ನ?" ಎಂದರು. ಸೋತ ದುಃಖದಲ್ಲೂ ದನಿಯಲ್ಲಿ ಹೆಮ್ಮೆಯಿತ್ತು.

ಯಜಮಾನರು ಚಪ್ಪಾಳೆ ತಟ್ಟುತ್ತಾ ಒಳಗೆ ಬಂದರು. "ಸರಿ, ಜಾಗ ನಿಂದೇ ಕಾಜಮ್ಮ. ಸೋಮವಾರದಿಂದ ಕಿಟಕಿ ಪಕ್ಕ ಕೂತೇ ಕಾಜಾ ಹಾಕು. ಬೆಳಕು ಚೆನ್ನಾಗಿದೆ."

ಜಾಗ ಸಿಕ್ಕಿತು, ಹೊಲಿಗೆ ಸಿಗಲಿಲ್ಲ. ತಲೆಯಾಡಿಸಿ ಸುಮ್ಮನಾಗುವುದು ಅವಳ ಹಳೆಯ ಅಭ್ಯಾಸ. ಆದರೆ ಭಾವನನ್ನು ಓದಿ ಪಳಗಿದ್ದ ಕಣ್ಣು ಈಗ ಯಜಮಾನರ ಮೇಲೆ ನಿಂತಿತು. ಅವರ ಬೆನ್ನ ಹಿಂದೆ ಬ್ಯಾಂಡಿನವರ ಕೋಟಿಗೆ ಬಂದ ಬಟ್ಟೆಯ ಸುರುಳಿ ಮೇಸ್ತ್ರಿ ಹೋದಾಗಿನಿಂದ ಕತ್ತರಿ ಕಾಣದೆ ಬಿದ್ದಿತ್ತು. ಹೊರಗಿನ ಟೈಲರುಗಳನ್ನೆಲ್ಲ ಅವರು ವಿಚಾರಿಸಿ ಮುಗಿಸಿದ್ದರು, ಯಾರೂ ಒಪ್ಪಿರಲಿಲ್ಲ. ಬ್ಯಾಂಡಿನವರಿಗೆ ಮಾತು ಕೊಟ್ಟಾಗಿತ್ತು. ಇವರೂ ಓಡುವ ಹಾಗಿಲ್ಲ.

"ಬ್ಯಾಂಡಿನವರ ಕೋಟು ನಾನು ಹೊಲೀತೀನಿ" ಎಂದಳು. "ಅಷ್ಟೂ. ಕಾಜಾ ಬೇರೆಯವರು ಹಾಕ್ಲಿ."

ಭಾವ ಕೆಮ್ಮಿದರು. ಚಿಕ್ಕಪ್ಪ ನಿದ್ದೆ ಮಾಡುವವನ ಹಾಗೆ ಕಣ್ಣು ಮುಚ್ಚಿಕೊಂಡ, ಕಾಜಾದ ಕೆಲಸ ತನ್ನ ಮೇಲೆ ಬಂದೀತೆಂದು.

"ಬೇರೆಯವರು ಅಂದ್ರೆ ಯಾರು?" ಎಂದರು ಯಜಮಾನರು.

"ಅದು ನೀವು ನೋಡ್ಕೋಬೇಕು."

ಯಜಮಾನರು ಸುರುಳಿಯನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಸುರುಳಿಯನ್ನು ನೋಡಿದರು.

ಮೊದಲ ಕೋಟು ಮುಗಿದದ್ದು ಬುಧವಾರ. ಅದು ಮೂಲೆಯ ಸ್ಟೂಲಿಗೆ ಹೋಯಿತು. ಅಲ್ಲಿ ಯಜಮಾನರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಾ, ಸಂಜೆಯವರೆಗೆ ಕಾಜಾ ಹಾಕಿದರು. ಕಾಜಮ್ಮ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮೂರನೆಯ ಕಾಜಾ ಸೊಟ್ಟಗಿತ್ತು.

"ಇದನ್ನ ಬಿಚ್ಚಿ ಇನ್ನೊಂದ್ಸಲ ಹಾಕಿ" ಎಂದು ಮರ್ಯಾದೆಯಿಂದಲೇ ವಾಪಸ್ಸು ಕೊಟ್ಟಳು.