ಯಂತ್ರಕ್ಕೆ ಸೆಕೆ

"ಮೂತಿ ತೆಗೀರೇ ಗಾಜಿಂದ! ಒರೆಸೋಕೆ ನಿಮ್ಮಪ್ಪ ಬರ್ತಾನಾ?"

ನಮ್ಮ ಮೇಲ್ವಿಚಾರಕ ಹಾಸ್ಕಿನ್ಸ್ ಒದರಿದ. ನಾವು ತಂಪಿಗೆಂದು ಗಾಜಿಗೊತ್ತಿದ್ದ ಕೆನ್ನೆ ಕಿತ್ತುಕೊಂಡೆವು. ಜುಲೈ ತಿಂಗಳ ಬೇಗೆಯಲ್ಲಿ ಉಣ್ಣೆ ಸ್ವೆಟರ್ ತೊಟ್ಟವನನ್ನು ಕಂಡಿದ್ದೀರಾ? ನಾನು ದಿನಾ ಕಾಣುತ್ತಿದ್ದೆ. ಗಾಜಿನ ಗೋಡೆಯ ಆಚೆ, ಯಂತ್ರ ಬಿಸಿಯಾಗದಿರಲೆಂದು ತಣ್ಣಗಿಟ್ಟ ಹೊಸ ಕಂಪ್ಯೂಟರಿನ ಕೋಣೆಯಲ್ಲಿ, ಹಾಸ್ಕಿನ್ಸ್‌ಗೆ ಚಳಿ. ಈಚೆ ನಮಗೆ ಕುಲುಮೆ. ನೆವಾರ್ಕಿನ ಆ ವಿಮಾ ಕಂಪನಿಯಲ್ಲಿ ಕಂಪ್ಯೂಟರ್ ಓದಲೆಂದು ಪಾಲಿಸಿಯ ಅಂಕಿಗಳನ್ನು ಕಾರ್ಡುಗಳಲ್ಲಿ ತೂತಾಗಿ ಹೊಡೆಯುವವರು ನಾವು, ಎಲ್ಲರೂ ಕರಿಯ ಹೆಂಗಸರು. ಫ್ಯಾನ್ ಹಾಕಿದರೆ ಕಾರ್ಡು ಹಾರುತ್ತವೆ, ಕಿಟಕಿ ತೆರೆದರೆ ತೇವಕ್ಕೆ ಉಬ್ಬಿ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಫ್ಯಾನಿಲ್ಲ, ಕಿಟಕಿಗೆ ಮೊಳೆ.

ಮಾಡುತ್ತಿದ್ದದ್ದಾದರೂ ನಮ್ಮ ಗುಂಡಿ ನಾವೇ ತೋಡುವ ಕೆಲಸ. ಹಳೆಯ ಪಾಲಿಸಿಗಳೆಲ್ಲ ಕಾರ್ಡಿಗೇರಿ, ಕಾರ್ಡೆಲ್ಲ ಕಂಪ್ಯೂಟರಿನ ಟೇಪಿಗೇರಿದ ದಿನ ನಮ್ಮನ್ನು ಮನೆಗೆ ಕಳಿಸುತ್ತಾರೆ. ಗೊಣಗದೆ ದುಡಿದ ಒಬ್ಬಳನ್ನು ಮಾತ್ರ ಆ ತಣ್ಣನೆ ಕೋಣೆಗೆ ತೆಗೆದುಕೊಳ್ಳುತ್ತೇನೆ ಎಂದಿದ್ದ ಹಾಸ್ಕಿನ್ಸ್. ನಾಯಿಗಳಿಗೆ ಒಂದು ಮೂಳೆ ಎಸೆದು ಮೋಜು ನೋಡುವ ಜಾತಿ. ಅಂದಿನಿಂದ ಯಾರೂ ತುಟಿ ಬಿಚ್ಚಲಿಲ್ಲ. ಗಂಡನಿಲ್ಲದ ಮನೆ, ಇಬ್ಬರು ಮಕ್ಕಳು, ನನಗೂ ಆ ಕೆಲಸ ಬೇಕಿತ್ತು.

ನಮ್ಮೆಲ್ಲರಿಗೂ ಹಿರಿಯಳಾದ ಲವಿನಿಯಾ ಅಕ್ಕ ಹೊಡೆದ ಕಾರ್ಡನ್ನೇ ನಾನು ಇನ್ನೊಂದು ಯಂತ್ರಕ್ಕೆ ಕೊಟ್ಟು, ಅದೇ ಅಂಕಿಗಳನ್ನು ಮತ್ತೆ ಒತ್ತಬೇಕು. ತಾಳೆಯಾಗದಿದ್ದರೆ ಕೆಂಪು ದೀಪ. ಅವಳ ಕಾರ್ಡಿಗೆ ಅಪರೂಪಕ್ಕೂ ಹತ್ತದ ದೀಪ ಆ ಮಧ್ಯಾಹ್ನ ಮತ್ತೆಮತ್ತೆ ಹತ್ತಿತು.

"ಅಕ್ಕಾ, ಏನಾಯ್ತೇ? ಎದ್ದು ನೀರ್ ಕುಡಿಯೇ."

"ಸುಮ್ನಿರೇ ಜೆಲ್ಮಾ, ಆ ಮುಂಡೇಮಗ ನೋಡ್ತವ್ನೆ. ಜಾರ್ಜಿಯಾದಾಗೆ ಹತ್ತಿ ಬಿಡ್ಸಿದೋಳು ಕಣೇ ನಾನು. ಅಲ್ಲಿ ಗಾಳಿನಾರಾ ಇತ್ತು."

ಅಷ್ಟು ಹೇಳಿ ಕೀಲಿಮಣೆಯ ಮೇಲೆ ಕವುಚಿಬಿದ್ದಳು. ಮೈ ಕಾದ ಹಂಚಾಗಿತ್ತು, ಒಂದು ಹನಿ ಬೆವರಿರಲಿಲ್ಲ.

ಪಕ್ಕದವಳೂ ನಾನೂ ಅವಳನ್ನು ಎತ್ತಿಕೊಂಡು ಗಾಜಿನ ಬಾಗಿಲಿಗೆ ಓಡಿದೆವು. ಹಾಸ್ಕಿನ್ಸ್ ಕೈ ಅಡ್ಡ ಚಾಚಿದ.

"ಒಳಗೆ ಬೇಡ! ಸೆಕೆ ನುಗ್ಗಿದ್ರೆ ಮೆಷಿನ್ ಕೆಡುತ್ತೆ. ಆ ಹುಡುಗೀನ ಮೆಟ್ಟಿಲ ಮೇಲೆ ಮಲಗಿಸ್ರಿ."

ಮೊಮ್ಮಕ್ಕಳನ್ನು ಎತ್ತಾಡಿಸಿದವಳು ಇವನಿಗೆ ಹುಡುಗಿ!

"ಜೀವ ಹೋಯ್ತದೆ ಸಾರ್."

"ನಿನ್ನ ಕೆಲಸ ಹೋಗುತ್ತೆ ನೋಡ್ಕೋ. ನಿನ್ನನ್ನೇ ಒಳಗೆ ತಗೋಬೇಕು ಅಂತಿದ್ದೆ."

ಅವನ ಬಾಯಿಂದ ಪೆಪ್ಪರಮೆಂಟಿನ ವಾಸನೆ ಬಂತು. ನನಗೆ ಹೇಸಿಗೆ ಹುಟ್ಟಿತು. ಅವನು, ಅವನ ಸ್ವೆಟರು, ಅವನ ಕೃಪೆಗೆ ಬಾಯಿಬಿಟ್ಟುಕೊಂಡು ಕೂತಿದ್ದ ನಾನು, ಎಲ್ಲದರ ಮೇಲೂ.

"ನಿನ್ ಕೆಲ್ಸಕ್ಕಷ್ಟು ಬೆಂಕಿ ಹಾಕ! ದಾರಿ ಬಿಡಲೋ ಬೋಳೀಮಗನೇ!"

ಅವನನ್ನು ಭುಜದಿಂದ ತಳ್ಳಿ ಒಳನುಗ್ಗಿದೆವು. ನೆಲದ ಕಿಂಡಿಗಳಿಂದ ತಣ್ಣನೆ ಗಾಳಿ ಏಳುವ ಕಡೆ ಅಕ್ಕನನ್ನು ಮಲಗಿಸಿದೆವು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ಬಂದರು. ಹಾಸ್ಕಿನ್ಸ್ ಬಾಗಿಲು ಮುಚ್ಚದಂತೆ ಕಾರ್ಡಿನ ಬೀರುವನ್ನೇ ಎಳೆದು ನಡುವೆ ನಿಲ್ಲಿಸಿದರು. ತುಸು ಹೊತ್ತಿನಲ್ಲೇ ನುಗ್ಗಿದ ಸೆಕೆ ತಾಳದೆ ಕಂಪ್ಯೂಟರ್ ಗಂಟೆ ಬಾರಿಸಿಕೊಂಡು ನಿಂತುಹೋಯಿತು.

ಹಾಸ್ಕಿನ್ಸ್ ಫೋನಿಗೆ ಓಡಿದ. ಸದ್ಯ, ಡಾಕ್ಟರನ್ನು ಕರೆಯುತ್ತಾನೆ ಅಂದುಕೊಂಡೆ.

"ಮೆಕ್ಯಾನಿಕ್‌ನ ಕಳಿಸಿ, ಬೇಗ! ಮೆಷಿನ್ ನಿಂತೋಗಿದೆ!"

ಫೋನ್ ಕಿತ್ತುಕೊಂಡು ನಾನೇ ಆಂಬುಲೆನ್ಸಿಗೆ ಹೇಳಿದೆ. ಅವನು ಪೊಲೀಸರನ್ನು ಕರೆಯುತ್ತೇನೆಂದು ಕಿರುಚುತ್ತಲೇ ಇದ್ದ. ಯಾರೂ ಕದಲಲಿಲ್ಲ. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈ ಹಿಡಿದೆ. ಕೈ ತಣ್ಣಗಾಗಿತ್ತು. ನೆಲದ ಗಾಳಿಗೋ, ಇನ್ನೇತಕ್ಕೋ. ಬಗ್ಗಿ ಉಸಿರು ನೋಡುವ ಧೈರ್ಯ ನನಗಾಗಲಿಲ್ಲ.